ಹೇಳಿಕೊಡದ ಶಾಲೆ

ಮೊದಲು ನಮ್ಮೂರಲ್ಲಿ ಏಳರ ಮಗ್ಗಿ ಬೇಕೆಂದರೆ ಹಗ್ಗದಂಗಡಿ ಚಂದ್ರಪ್ಪನನ್ನು ಕರೆಯಬೇಕಿತ್ತು. ಎಂಟರ ಮಗ್ಗಿ ಅವನ ನಾದಿನಿ ಹತ್ತಿರ ಇದೆ. ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾದವು. ಹಾಗಾಗಿ ಇವನ ಲೆಕ್ಕವೂ ಅವಳ ಲೆಕ್ಕವೂ ಒಂದೇ ಬರುತ್ತದೋ ಇಲ್ಲವೋ ಎಂದು ತಾಳೆ ನೋಡಿದವರು ಯಾರೂ ಇಲ್ಲ. ನಮ್ಮೂರಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟದ್ದು ಹೇಳಿಕೊಟ್ಟವರಲ್ಲಿ ಉಳಿಯುವುದಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ನಾನು ನೋಡಿಲ್ಲ, ನೋಡದ್ದನ್ನು ನಂಬುವವಳೂ ಅಲ್ಲ.

ಸೊಸೆಗೆ ಸಾರು ಹೇಳಿಕೊಟ್ಟ ಅತ್ತೆ ಮರುದಿನದಿಂದ ಒಲೆಯ ಮುಂದೆ ಕೂತು ಪಿಳಿಪಿಳಿ ಕಣ್ಣು ಬಿಡುತ್ತಾಳೆ. ಅದಕ್ಕೇ ನಮ್ಮೂರ ಸೊಸೆಯರು ಬರೀ ಅನ್ನ ಬೇಯಿಸಿಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ಗಾಣದ ನಂಜಪ್ಪ ತನ್ನ ಕಸುಬನ್ನು ಯಾರಿಗೂ ಒಪ್ಪಿಸದೆ ಊಟಕ್ಕೆ ಕೂತಲ್ಲೇ ಕಣ್ಣು ಮುಚ್ಚಿದ. ಆಮೇಲೆ ನಾವು ಎಳ್ಳನ್ನು ಹುರಿದು ತಿನ್ನುತ್ತಿದ್ದೇವೆಯೇ ಹೊರತು ಊರಲ್ಲಿ ಎಣ್ಣೆ ತೆಗೆದದ್ದಿಲ್ಲ. ಊರ ನಡುವೆ ಹೊಳೆ ಹರಿಯುತ್ತದೆ, ಅದಕ್ಕೆ ಸೇತುವೆ ಇಲ್ಲ. ಸೇತುವೆ ಕಟ್ಟಲು ಬಲ್ಲವನೊಬ್ಬನಿದ್ದನಂತೆ. ಅವನು ಅಳಿಯನಿಗೆ ಹೇಳಿಕೊಟ್ಟ, ಅಳಿಯ ಹೆಂಡತಿಯ ಜೊತೆ ಜಗಳವಾಡಿ ಊರು ಬಿಟ್ಟ. ಹೀಗಾಗಿ ಈ ದಡದ ಅಂಗಡಿಗೂ ಆ ದಡದ ಹೊಲಕ್ಕೂ ಹರಿಗೋಲೇ ಗತಿ. ಹರಿಗೋಲು ಕಟ್ಟುವವಳು ಆಗ ಇಡೀ ಊರಿಗೆ ನಾನೊಬ್ಬಳೇ, ತಿಪ್ಪಮ್ಮ.

ಈ ಕಸುಬನ್ನು ನನಗೆ ಕೊಟ್ಟವನು ನಮ್ಮಪ್ಪ. ನಮ್ಮಲ್ಲಿ ಅದಕ್ಕೆ ಒಪ್ಪಿಸುವುದು ಅನ್ನುತ್ತಾರೆ. ಎಲೆ ಅಡಿಕೆ ಇಟ್ಟು, ಹೊಸ ಬಟ್ಟೆ ಉಡಿಸಿ, ಕೇರಿಯವರಿಗೆಲ್ಲ ಪಾಯಸ ಹಾಕಿ ಒಪ್ಪಿಸುತ್ತಾರೆ. ಅಂದು ನಾನೂ ಪಾಯಸ ತಿಂದು ಕುಣಿದಾಡಿದೆ. ಮರುದಿನ ಬೆಳಿಗ್ಗೆ ಅಪ್ಪ ಬಿದಿರು ಸೀಳುವ ಮಚ್ಚನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, "ಇದು ಯಾರ ಮನೇದವ್ವ? ಕೊಟ್ಟು ಬಾ, ಹುಡುಕ್ತಿರ್ತಾರೆ" ಅಂದ. ಆಮೇಲೂ ಅವನು ಬಹಳ ವರ್ಷ ಬದುಕಿದ. ಜಗಲಿ ಮೇಲೆ ಕೂತು ಅಂಗೈಯನ್ನು ಮೇಲೆ ಮಾಡುವುದು, ಕೆಳಗೆ ಮಾಡುವುದು, ಅಷ್ಟೇ. ಅಪ್ಪ ನನಗೆ ಕಸುಬು ಕೊಟ್ಟ ಎಂದು ಊರವರು ಹೇಳುತ್ತಾರೆ. ಅವನು ತನ್ನನ್ನೇ ಕೊಟ್ಟುಬಿಟ್ಟ ಎಂದು ನನಗನ್ನಿಸುತ್ತದೆ. ಅವನು ಹೋದ ಮೇಲೂ ಬಹಳ ಕಾಲ ಆ ಜಗಲಿಯ ಮೇಲೆ ಕೂರಲು ನನಗೆ ಮನಸ್ಸಾಗಲಿಲ್ಲ.

ನನಗಿರುವವಳು ಒಬ್ಬಳೇ ಮಗಳು. ಹೆಸರು ಪದ್ಮಾವತಿ, ಕರೆಯುವುದು ಪದ್ದಿ. ಅವಳು ಮಡಿಲಲ್ಲಿದ್ದಾಗಲೇ ಅವಳಪ್ಪ ತೀರಿಕೊಂಡ. ಅಜ್ಜನ ತೊಡೆಯ ಮೇಲೆ ಬೆಳೆದವಳು ಅವಳು. ಅಜ್ಜ ಅಂಗೈ ಮೇಲೆ ಮಾಡಿದಾಗಲೆಲ್ಲ ಅದರೊಳಗೆ ಒಂದು ಹುಣಸೆಬೀಜವನ್ನೋ ಹೂವನ್ನೋ ಇಟ್ಟು ನಗುತ್ತಿದ್ದಳು. ಆಟವೆಂದು ನಾನು ಸುಮ್ಮನಿದ್ದೆ.

ಇನ್ನು ಶಾಲೆಯ ಸುದ್ದಿ. ನಮ್ಮೂರ ಶಾಲೆಯಲ್ಲಿ ಮೊದಲಿನಿಂದ ಒಂದು ಮಗುವಿಗೆ ಒಂದೇ ಪಾಠ. ಒಬ್ಬನಿಗೆ ಮಗ್ಗಿ, ಒಬ್ಬಳಿಗೆ ಕೂಡುವುದು, ಇನ್ನೊಬ್ಬನಿಗೆ ಕಳೆಯುವುದು. ವಿಶಾಲಾಕ್ಷಮ್ಮ ಟೀಚರು ಹೀಗೆ ಹಂಚುತ್ತಾ ಹಂಚುತ್ತಾ ಬರಿದಾದರು. ಕೊನೆಗೆ ಉಳಿದಿದ್ದ ಅಕ್ಷರವನ್ನು ಸೊಪ್ಪಿನವಳ ಮಗಳಿಗೆ ಕೊಟ್ಟ ದಿನ, ಶಾಲೆಯ ಬೋರ್ಡಿನ ಮುಂದೆ ನಿಂತು, "ಎಷ್ಟು ಚೆಂದ ಚಿತ್ರ ಬರೆದವ್ರೆ" ಅಂದರಂತೆ. ಊರ ಯಜಮಾನರಾದ ಶೇಖರಗೌಡರು ಶಾಲು ಹೊದಿಸಿ ಮನೆಗೆ ಕಳಿಸಿದರು. ಬರಿದಾದವರನ್ನು ಊರೇ ಸಾಕುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರುದಿನ ಟೀಚರು ಎಂದಿನಂತೆ ಬಂದು ಶಾಲೆಯ ಬಾಗಿಲು ತೆಗೆದು, ಕಸ ಗುಡಿಸಿ, ಮೆಟ್ಟಿಲ ಮೇಲೆ ಕೂತರು. ಗೌಡರು ಓಡಿಬಂದರು.

"ಏನ್ ಟೀಚರೆ, ಕಲಿಸಾಕೆ ನಿಮ್ಮತ್ರ ಏನೈತೆ ಈಗ?"

"ಏನೂ ಇಲ್ಲ ಗೌಡ್ರೆ. ಅದಕ್ಕೇ ಬಂದೀನಿ. ನಂಗೂ ಕಲೀಬೇಕಲ್ಲ."

ಗೌಡರು ಬಂದ ದಾರಿಯಲ್ಲೇ ತಿರುಗಿ ಹೋದರು. ಊರಲ್ಲಿ ಮಕ್ಕಳನ್ನು ಯಾರೂ ತಮ್ಮ ಕೆಲಸದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನೋಡಿ ಕಲಿತುಬಿಟ್ಟರೆ ಎಂಬ ಭಯಕ್ಕೆ ಪರದೆ ಕಟ್ಟಿಕೊಂಡೇ ಎಲ್ಲರೂ ದುಡಿಯುತ್ತಾರೆ. ನನ್ನ ಹಿತ್ತಲಲ್ಲೂ ಗೋಣಿತಟ್ಟಿನ ಪರದೆ ಇತ್ತು. ಎಲ್ಲ ಕಡೆಯಿಂದಲೂ ಓಡಿಸಿಕೊಂಡ ಮಕ್ಕಳು ಒಂದೊಂದೇ ಆ ಮೆಟ್ಟಿಲಿಗೆ ಬಂದು ಕೂತವು, ಅವುಗಳಲ್ಲಿ ನಮ್ಮ ಪದ್ದಿಯೂ ಒಬ್ಬಳು.

ಅಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದರೆ, ಹೇಳುವುದು ಕಷ್ಟ. ಬೆಳಿಗ್ಗೆ ಎಲ್ಲರೂ ಕೈ ಹಿಡಿದು ದುಂಡಗೆ ನಿಂತು ಬಾಯಿಗೆ ಬಂದದ್ದನ್ನು ಹಾಡುತ್ತಿದ್ದರು. ಮಣ್ಣು ಕಲಸುತ್ತಿದ್ದರು. ಬೇಲಿ ಪಕ್ಕದಲ್ಲಿ ಅವರೆ ಹಾಕಿ, ಮೊಳಕೆ ಬಂತೋ ಇಲ್ಲವೋ ಎಂದು ಕೆದಕಿ ನೋಡಿ ಸಾಯಿಸಿ, ಮತ್ತೆ ಹಾಕಿ, ಈ ಸಲ ಕೆದಕದೆ ಕಾಯುತ್ತಿದ್ದರು. ಒಬ್ಬಳು ಬಿದ್ದು ಅತ್ತರೆ ಎಲ್ಲರೂ ಕೆಲಸ ಬಿಟ್ಟು ಅವಳ ಸುತ್ತ ಕೂರುತ್ತಿದ್ದರು, ಅದೂ ಪಾಠವೇ ಅಂತೆ. ಶಾಲೆಯ ಅಟ್ಟದ ಮೇಲೆ ಒಂದು ಕಂಬ, ಅದರ ತುದಿಗೆ ಕಟ್ಟಿದ ಬಣ್ಣದ ಹಗ್ಗಗಳು ಸಿಕ್ಕವು. ಅದೇನೆಂದು ಬಲ್ಲವರು ಸತ್ತು ಎಷ್ಟೋ ವರ್ಷವಾಗಿತ್ತು. ಮಕ್ಕಳು ಆ ಕಂಬ ನೆಟ್ಟು, ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು ಸುತ್ತಿದರು. ಮೊದಲು ಸಿಕ್ಕು, ಬರೀ ಸಿಕ್ಕು. ತಿಂಗಳುಗಟ್ಟಲೆ ಸುತ್ತಿ, ಡಿಕ್ಕಿ ಹೊಡೆದುಕೊಂಡು, ನಕ್ಕು, ಕೊನೆಗೊಂದು ದಿನ "ಒಳಗೊಬ್ಬ, ಹೊರಗೊಬ್ಬ" ಎಂದು ತಾಳ ಹಾಕುತ್ತಾ ಹಗ್ಗಗಳನ್ನು ಜಡೆ ಹೆಣೆದೇಬಿಟ್ಟರು. ಜಡೆ ಕೋಲಾಟ ನಮ್ಮೂರಿಗೆ ತಿರುಗಿ ಬಂದದ್ದು ಹೀಗೆ. "ಕುಣಿಯಾಕೊಂದು ಶಾಲೆ ಬೇರೆ" ಎಂದು ಗೌಡರು ಮೂಗು ಮುರಿದರು. ಸುಳ್ಳೇಕೆ, ನಾನೂ ಮುರಿದೆ.

ಊರು ಬೆಚ್ಚಿದ್ದು ಏಳರ ಮಗ್ಗಿಯ ದಿನ. ಒಬ್ಬ ಹುಡುಗಿ ಹುಣಸೆಬೀಜಗಳನ್ನು ಗುಡ್ಡೆ ಗುಡ್ಡೆ ಜೋಡಿಸುತ್ತಾ ಏಳರ ಮಗ್ಗಿಯನ್ನು ತಾನಾಗಿ ಕಂಡುಕೊಂಡಳು ಎಂದು ಸುದ್ದಿ ಹಬ್ಬಿತು. ಚಂದ್ರಪ್ಪ ಹಗ್ಗದ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಿದ್ದ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎಂದು ಎದೆ ಬಡಿದುಕೊಳ್ಳುತ್ತಾ ಶಾಲೆಯವರೆಗೂ ಓಡಿದ. ಮೆಟ್ಟಿಲು ಮುಟ್ಟುವ ಹೊತ್ತಿಗೆ ಏಳ್ಹತ್ಲ ಎಪ್ಪತ್ತಾಗಿತ್ತು. ಒಂದೂ ಕಳೆದುಹೋಗಿರಲಿಲ್ಲ. ಅವನು ಅಲ್ಲೇ ಕುಸಿದು ಕೂತ. ಟೀಚರು ಅವನಿಗೆ ನೀರು ಕೊಟ್ಟು, ನೆರೆದವರ ಕಡೆ ತಿರುಗಿ ಹೇಳಿದರು:

"ಕೂಸು ನಡಿಯೋದು ಕಲೀತು ಅಂತ ಯಾವ ತಾಯಿ ಆದ್ರೂ ಕುಂಟಿ ಆಗ್ಯಾಳಾ? ಕೂಸಿಗೆ ನಾವು ನಡಿಗೆ ಹೇಳಿಕೊಡಲ್ಲ. ಬಿದ್ದಾಗ ಹತ್ರ ಇರ್ತೀವಿ, ಅಷ್ಟೇ. ನಾನಿಲ್ಲಿ ಮಾಡ್ತಿರೋದೂ ಅಷ್ಟೇ ಕಣ್ರಪ್ಪ."

ಆ ಮಾತು ಊರವರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಗೆ ಹೋಯಿತು. ನಮ್ಮ ಪದ್ದಿಯ ಕಿವಿಯಲ್ಲಿ ಮಾತ್ರ ಉಳಿದುಕೊಂಡಿತು.

ಆ ವರ್ಷ ನನ್ನ ಬೆರಳ ಗಂಟುಗಳು ಊದತೊಡಗಿದವು. ಗೌಡರು ಮನೆಗೇ ಬಂದರು. "ತಿಪ್ಪಕ್ಕ, ಬೇಜಾರ್ ಮಾಡ್ಕಬ್ಯಾಡ. ನಂಜಪ್ಪನ ಗಾಣದಂಗೆ ಆಗಬಾರ್ದು. ಹೊಳೆಗೆ ಹೊಸ ನೀರು ಬರೋದ್ರೊಳಗೆ ಮಗಳಿಗೆ ಒಪ್ಪಿಸಿಬಿಡು. ಪಾಯಸದ ಖರ್ಚು ಊರಿಂದು" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ನನ್ನ ಕಣ್ಣು ತಾನಾಗಿ ಜಗಲಿಯ ಕಡೆ ಹೋಯಿತು.

ಒಳಗಿಂದ ಪದ್ದಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ನಂಗೆ ಒಪ್ಪಿಸಾದು ಬ್ಯಾಡ ದೊಡ್ಡಪ್ಪ. ನಾನೇ ಕಂಡುಕೊಂತೀನಿ."

"ಹರಿಗೋಲು ಅಂದ್ರೆ ಹುಣಸೆಬೀಜ ಅಲ್ಲವ್ವ. ಜನ ಕೂರ್ತಾರೆ ಅದ್ರಾಗೆ."

"ಹೊಸ ನೀರು ಬರೋತನಕ ಟೈಮು ಕೊಡ್ರಿ. ಆಗದಿದ್ರೆ ನೀವು ಹೇಳಿದಂಗೆ."

ಗೌಡರು ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಅವಳು ಗೆದ್ದರೆ ನನ್ನ ಕೈ ನನಗೇ ಉಳಿಯುತ್ತದೆ ಎಂಬ ಆಸೆ ಆಗಲೇ ಒಳಗೆ ಹುಟ್ಟಿಬಿಟ್ಟಿತ್ತು. ಸೋತರೆ ಮಳೆಗಾಲ ಮುಗಿಯುವುದರೊಳಗೆ ನಾನು ನಮ್ಮಪ್ಪನ ಜಾಗದಲ್ಲಿ ಕೂತಿರುತ್ತೇನೆ.

ಹೊಳೆದಂಡೆಯಲ್ಲಿ, ಶಾಲೆಯ ಹಿಂದೆ, ಪದ್ದಿ ಶುರುಮಾಡಿದಳು. ಟೀಚರು ನನ್ನನ್ನು ಕರೆದು ಒಂದು ಕಲ್ಲು ತೋರಿಸಿ, "ಇಲ್ಲಿ ಕೂತ್ಕೊ ತಿಪ್ಪಮ್ಮ. ನೋಡು, ಮಾತಾಡಬ್ಯಾಡ. ಬಾಯಿ ಬಿಟ್ಟೆ ಅಂದ್ರೆ ಅಷ್ಟು ನಿಂದು ಹೋಯ್ತು" ಅಂದರು. ಕಟ್ಟಿ ಮುಗಿದ ಹರಿಗೋಲುಗಳನ್ನು ಪದ್ದಿ ಹುಟ್ಟಿದಂದಿನಿಂದ ನೋಡಿದ್ದಾಳೆ, ಕಟ್ಟುವುದನ್ನು ಒಮ್ಮೆಯೂ ನೋಡಿಲ್ಲ. ಒಣ ಬಿದಿರು ತಂದಳು. ಬಗ್ಗಿಸಿದ್ದೇ ತಡ ಪಟಪಟ ಮುರಿಯಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ವಾರವಾದ ಮೇಲೆ ತಾನಾಗಿ ಹಸಿ ಬಿದಿರು ಹುಡುಕಿಕೊಂಡು ಹೋದಳು. ಸೀಳು ದಪ್ಪವಾಯಿತು, ಆಮೇಲೆ ತೀರಾ ತೆಳುವಾಯಿತು, ಅಂತೂ ಸರಿಹೋಯಿತು. ಟಾರ್ಪಾಲು ಹೊದಿಸಿ ಡಾಂಬರು ಬಳಿದು ನೀರಿಗೆ ಬಿಟ್ಟ ಮೊದಲ ಹರಿಗೋಲು ಅಲ್ಲೇ ಗುಡುಗುಡು ಎಂದು ಮುಳುಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಳುಗಿದ್ದಕ್ಕೆ ಚಪ್ಪಾಳೆ ತಟ್ಟುವ ಶಾಲೆ ಯಾವ ಲೋಕದಲ್ಲಿದೆಯೋ ನನಗೆ ತಿಳಿಯದು. ಎರಡನೆಯದು ತೇಲಿತು. ಆದರೆ ಒಂದು ಪಕ್ಕಕ್ಕೆ ವಾಲಿಕೊಂಡು ಬುಗುರಿಯ ಹಾಗೆ ಸುತ್ತಿ, ಅಂಚು ಬಿಚ್ಚಿಕೊಂಡು, ಪದ್ದಿಯನ್ನು ನೀರಿಗೆ ಚೆಲ್ಲಿತು.

ಅಂಚು ಕಟ್ಟುವುದೇ ಈ ಕಸುಬಿನ ಜೀವ. ತಳದಿಂದ ಎದ್ದ ಸೀಳುಗಳ ತುದಿಗಳನ್ನೆಲ್ಲ ಹಿಡಿದು ಬಗ್ಗಿಸಿ ಬಿಗಿಯುವ ಒಂದು ಬಗೆ ಇದೆ. ಅದು ತಪ್ಪಿದರೆ ಎಷ್ಟು ಚೆಂದದ ತಳವಿದ್ದರೂ ದಂಡ. ಪದ್ದಿ ದಿನಗಟ್ಟಲೆ ಅದರ ಮೇಲೆ ಬಿದ್ದಳು. ಅವಳ ಬೆರಳುಗಳನ್ನೆಲ್ಲ ಬಿದಿರಿನ ಸಿಬಿರು ಕೊಯ್ದಿತ್ತು. ಒಂದು ಸಂಜೆ ಮನೆಗೆ ಬಂದು, ಹಿತ್ತಲಲ್ಲಿ ಕೂತು, ಕೈಯನ್ನು ನೀರಿನ ಬೋಸಿಯಲ್ಲಿ ಅದ್ದಿಕೊಂಡು, ಸದ್ದಿಲ್ಲದೆ ಅತ್ತಳು. ಬೋಸಿಯ ನೀರು ಕೆಂಪಗಾಯಿತು. ಹೆತ್ತ ಕರುಳು ತಾನೆ? ಟೀಚರ ಮಾತೂ ನೆನಪಾಗಲಿಲ್ಲ, ನಮ್ಮಪ್ಪನೂ ನೆನಪಾಗಲಿಲ್ಲ. "ಹಂಗಲ್ಲ ಕಣೆ, ಹಿಂಗೆ" ಎಂದು ಅವಳ ಕೈ ಹಿಡಿದು, ಎರಡು ಸೀಳು ಎತ್ತಿಕೊಂಡು, ಅಂಚು ಕಟ್ಟುವುದನ್ನು ತೋರಿಸಿಯೇಬಿಟ್ಟೆ.

ತೋರಿಸಿ ಮುಗಿಯುವಷ್ಟರಲ್ಲಿ ನನ್ನ ಬೆರಳುಗಳು ನಿಂತವು. ಮುಂದೇನು ಎಂದು ಅವಕ್ಕೆ ಗೊತ್ತಾಗಲಿಲ್ಲ. ಕೈಯಲ್ಲಿದ್ದ ಸೀಳುಗಳನ್ನು ನೋಡಿದೆ, ಎಂದೂ ಕಾಣದ ವಸ್ತುವಿನಂತೆ ಕಂಡವು. ನೋವೇನೂ ಇರಲಿಲ್ಲ. ನೋವಾಗಿದ್ದರೆ ವಾಸಿಯಿತ್ತು.

ಪದ್ದಿ ನನ್ನ ಮುಖ ನೋಡಿದವಳೇ ಕೈ ಕಿತ್ತುಕೊಂಡಳು. "ಯಾಕವ್ವ ಹೇಳ್ದೆ? ಯಾಕೆ ಹೇಳ್ದೆ? ನಾನು ಇಷ್ಟು ದಿನ ಒದ್ದಾಡಿದ್ದು ಹರಿಗೋಲಿಗಾ? ನಿನ್ನ ಕೈ ಅಜ್ಜನ ಕೈ ಆಗಬಾರ್ದು ಅಂತ. ಅಜ್ಜನ ಕೈಯಾಗೆ ಹೂ ಇಟ್ರೆ ಅದನ್ನ ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗ್ತಿರಲಿಲ್ಲ ಕಣವ್ವ!" ಎಂದು ಕಿರುಚಿದಳು. ಅಜ್ಜನ ಜೊತೆ ಆಡಿದ ಆ ಆಟ ಅವಳಿಗೆ ಆಟವಾಗಿರಲಿಲ್ಲ ಎಂದು ನನಗೆ ತಿಳಿದದ್ದು ಆಗ. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ಇಬ್ಬರೂ ಅಂದು ಉಣ್ಣಲಿಲ್ಲ.

ಈಗ ನೋಡಿ ನಮ್ಮ ಅವಸ್ಥೆ. ತಳ ಬಲ್ಲ ತಾಯಿಗೆ ಅಂಚು ಬಾರದು, ಅಂಚು ಬಲ್ಲ ಮಗಳಿಗೆ ತಳ ಬಾರದು. ಇಬ್ಬರೂ ಸೇರಿದರೆ ಒಂದು ಹರಿಗೋಲಾಗುತ್ತಿತ್ತು ನಿಜ. ಆದರೆ ಪರದೆಯ ಹಿಂದೆ ತಳ ಕಟ್ಟಿ ಅವಳಿಗೆ ಕೊಡುತ್ತೇನೆಂದು ನಾನು ಬೇಡಿಕೊಂಡರೂ ಅವಳು ಒಪ್ಪಲಿಲ್ಲ. "ನೀನು ಇಲ್ಲದ ದಿನ ಯಾರು ಕಟ್ಟಿಕೊಡ್ತಾರೆ?" ಅಂದಳು. ಮೇಲಿನ ಗುಡ್ಡಗಳಲ್ಲಿ ಮಳೆ ಶುರುವಾಗಿತ್ತು. ಹೊಳೆಯ ನೀರು ಕೆಂಪಗೆ ತಿರುಗುತ್ತಿತ್ತು. ಗೌಡರ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ತರಿಸಿದರೆಂದು ಸುದ್ದಿ ಬಂತು. ಒಂದು ತುಂಡು ಹೋದದ್ದಕ್ಕೇ ಹೀಗಾದರೆ ಎಲ್ಲವೂ ಹೋದ ದಿನ ಹೇಗೆ?

ಮರುದಿನ ದಂಡೆಯ ಕಲ್ಲಿನ ಮೇಲೆ ಕೂತು ನೋಡಿದೆ. ಪದ್ದಿ ಸೀಳುಗಳನ್ನು ಹರಡಿಕೊಂಡು ಒಂದು ಪಕ್ಕವನ್ನು ಪೂರಾ ಹೆಣೆದು ಬಿಗಿದು, ಆಮೇಲೆ ಇನ್ನೊಂದು ಪಕ್ಕಕ್ಕೆ ಬರುತ್ತಿದ್ದಳು. ಅಷ್ಟರಲ್ಲಿ ತಳ ಒಂದು ಕಡೆ ಎಳೆದುಕೊಂಡಿರುತ್ತಿತ್ತು. ವಾಲುತ್ತಿದ್ದದ್ದು ಅದಕ್ಕೇ. ನಾನು ಮತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹತ್ತಿರ ಮಕ್ಕಳು ಕೋಲಾಟ ಆಡುತ್ತಿದ್ದರು. ಒಬ್ಬ ತುಂಟ ತನ್ನ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ಓಡಿದ, ಜಡೆ ಸೊಟ್ಟಗಾಯಿತು. "ಒಬ್ನೇ ಓಡಬ್ಯಾಡ್ವೋ, ಎಲ್ರೂ ಜತಿಗೆ ಹೋಗಬೇಕು!" ಎಂದು ಉಳಿದವರು ಕೂಗಿದರು.

ಪದ್ದಿ ತಲೆ ಎತ್ತಿದಳು. ಸೊಟ್ಟ ಜಡೆಯನ್ನು ನೋಡಿದಳು, ತನ್ನ ಸೊಟ್ಟ ತಳವನ್ನು ನೋಡಿದಳು. ಟೀಚರು ನನ್ನ ಭುಜ ಒತ್ತಿದರು, ನಾನು ಏಳುತ್ತೇನೋ ಎಂದು. ಪದ್ದಿ ಹೆಣೆದದ್ದನ್ನೆಲ್ಲ ಬಿಚ್ಚಿ, ಸೀಳುಗಳನ್ನು ಮತ್ತೆ ಹರಡಿ, ನಡುವೆ ಕಲ್ಲು ಹೇರಿ, "ಬರ್ರೇ ಎಲ್ಲಾರೂ" ಎಂದು ಕರೆದಳು. ಮಕ್ಕಳು ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಸೀಳಿನ ತುದಿ ಹಿಡಿದರು. "ಒಳಗೊಬ್ಬ, ಹೊರಗೊಬ್ಬ." ಹಾಡು ಸುತ್ತಿತು, ಮಕ್ಕಳು ಸುತ್ತಿದರು, ತಳ ಎಲ್ಲ ಕಡೆಯಿಂದ ಒಟ್ಟೊಟ್ಟಿಗೆ ಬಿಗಿಯುತ್ತಾ ಬಂತು. ಒಂದು ಪುಟ್ಟ ಕೂಸು ಸೀಳು ಬಿಟ್ಟು ಮೂಗು ಒರೆಸಿಕೊಂಡಿತು, ಎಲ್ಲರೂ ನಿಂತು ಅದಕ್ಕಾಗಿ ಕಾದರು. ನಾನು ಕಟ್ಟುವ ರೀತಿಯೇ ಬೇರೆ, ಒಬ್ಬಳೇ ಕೂತು ಕಟ್ಟುವುದು. ಇದು ನನ್ನ ತಳವಾಗಿರಲಿಲ್ಲ. ಆದರೆ ತಳವೇ ಆಗಿತ್ತು. ನನಗೆ ಎದ್ದು ಕುಣಿಯುವಂತಾಯಿತು.

ಅದು ಒಣಗಿ, ಡಾಂಬರು ಹಿಡಿದು, ನೀರಿಗಿಳಿಯುವ ಹೊತ್ತಿಗೆ ಹೊಸ ನೀರು ಬಂದೇಬಿಟ್ಟಿತ್ತು. ಊರೆಲ್ಲ ದಂಡೆಯಲ್ಲಿ. ಅಂಬಿಗ ಹುಲುಗಪ್ಪ, ಊರಿನಲ್ಲಿ ಹುಟ್ಟು ಹಾಕಲು ಬಲ್ಲವನು ಅವನೊಬ್ಬನೇ, ಹರಿಗೋಲಿನ ಸುತ್ತ ತಿರುಗಿದ. "ಅಂಚು ಭೇಷಾಗೈತೆ. ತಳ ನೋಡಿದ್ರೆ ಜೀವ ಝಲ್ ಅಂತೈತೆ. ಇಂಥ ಹೆಣಿಗೆ ನಾನು ಕಂಡಿಲ್ಲಪ್ಪ" ಅಂದ.

"ಯಾರು ಕೂರ್ತೀರಿ?" ಎಂದು ಗೌಡರು ಕೇಳಿದರು. ದೊಡ್ಡವರು ಯಾರೂ ಮುಂದೆ ಬರಲಿಲ್ಲ. ಮಕ್ಕಳೆಲ್ಲ ಬಂದರು, ಅವರನ್ನು ತಾಯಂದಿರು ರಟ್ಟೆ ಹಿಡಿದು ಎಳೆದುಕೊಂಡರು. ನಾನು ಸೀರೆ ಎತ್ತಿ ಕಟ್ಟಿ ಹರಿಗೋಲಿಗೆ ಕಾಲಿಟ್ಟೆ. ಪದ್ದಿ ಎದುರಿಗೆ ಕೂತಳು. ಹುಲುಗಪ್ಪ ದೇವರ ಹೆಸರು ಹೇಳಿ ಹುಟ್ಟು ಹಾಕಿದ. ನಡುಹೊಳೆಯಲ್ಲಿ ಸೆಳವು ಹಿಡಿಯಿತು. ಹರಿಗೋಲು ಒಂದು ಸುತ್ತು ಸುತ್ತಿತು. ಪದ್ದಿ ನನ್ನ ಕೈ ಹಿಡಿದಳು, ಅವಳ ಬೆರಳ ಗಾಯಗಳು ನನ್ನ ಅಂಗೈಗೆ ಒತ್ತಿದವು. ನಾನು ತಳವನ್ನೇ ನೋಡುತ್ತಿದ್ದೆ. ಒಂದು ಕಡೆ ತುಸು ನೀರು ಜಿನುಗಿತು, ನಿಂತಿತು. ಹರಿಗೋಲು ವಾಲಲಿಲ್ಲ. ಆ ದಡದ ಮಣ್ಣಿಗೆ ಅದು ತಗುಲಿದಾಗ ಈ ದಡದಿಂದ ಎದ್ದ ಕೂಗು ಹೊಳೆಯ ಸದ್ದನ್ನೂ ಮೀರಿಸಿತು. ಗೌಡರು ಬೆಲ್ಲವನ್ನು ವಾಪಸು ಕಳಿಸಲಿಲ್ಲ. "ಒಪ್ಪಿಸದಿದ್ರೂ ಪಾಯಸ ಉಣ್ಣಬಾರ್ದು ಅಂತ ಎಲ್ಲೈತೆ?" ಎಂದು ತಾವೇ ಎರಡು ಸಲ ಹಾಕಿಸಿಕೊಂಡರು.

ಕಥೆ ಅಲ್ಲಿಗೇ ಮುಗಿಯಿತೆಂದು ಊರವರು ತಿಳಿದರು. ನನಗೆ ಅಂಚು ಹೋಗಿತ್ತಲ್ಲ. ಕಟ್ಟಿದ ತಳ ಹಿತ್ತಲಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಪದ್ದಿ ಹೇಳಿಕೊಟ್ಟರೆ ಅವಳದ್ದು ಹೋಗುತ್ತದೆ. ಒಂದು ಬೆಳಿಗ್ಗೆ ನಾನು ಆ ತಳವನ್ನು ತಲೆಯ ಮೇಲೆ ಹೊತ್ತುಕೊಂಡು ಶಾಲೆಗೆ ಹೋದೆ. ನನ್ನಷ್ಟು ದೊಡ್ಡ ಮಗು ಆ ಶಾಲೆಗೆ ಅದುವರೆಗೆ ಸೇರಿರಲಿಲ್ಲ. ಟೀಚರು ಏನೂ ಕೇಳದೆ ಮಕ್ಕಳ ದುಂಡಿನಲ್ಲಿ ಜಾಗ ಮಾಡಿಸಿದರು. ಹಾಡಿದೆ. ಮಣ್ಣು ಕಲಸಿದೆ. ಆಮೇಲೆ ಅಂಚಿಗೆ ಕೈ ಹಾಕಿದೆ. ಕಟ್ಟಿದೆ, ಬಿಚ್ಚಿತು. ಕಟ್ಟಿದೆ, ಬಿಚ್ಚಿತು. ಬೆರಳ ಗಂಟುಗಳು ನೋಯುತ್ತಿದ್ದವು. ದಂಡೆಯ ಅದೇ ಕಲ್ಲಿನ ಮೇಲೆ ಈಗ ಪದ್ದಿ ಕೂತಿದ್ದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ತುಂಬ ನೀರು ತುಂಬಿಕೊಂಡು. ಪಕ್ಕದಲ್ಲಿ ಟೀಚರು ಅವಳ ಭುಜ ಹಿಡಿದುಕೊಂಡಿದ್ದರು. ನಾನು ತಪ್ಪು ಮಾಡಿದಾಗಲೆಲ್ಲ ಅವಳ ಕಾಲು ನೆಲವನ್ನು ಒದೆಯುತ್ತಿತ್ತು. ನನಗೆ ಅಳುವೂ ಬಂತು, ನಗುವೂ ಬಂತು. ಆ ಕಲ್ಲು ಎಷ್ಟು ಬಿಸಿ ಎಂದು ನನಗೆ ಗೊತ್ತಿತ್ತು.

ಅವರೆ ಬಳ್ಳಿ ಹೂ ಬಿಡುವ ಹೊತ್ತಿಗೆ ಒಂದು ಅಂಚು ನಿಂತಿತು. ಎಳೆದೆ, ಬಿಚ್ಚಲಿಲ್ಲ. ತುಳಿದೆ, ಬಿಚ್ಚಲಿಲ್ಲ. ನನ್ನ ಹಳೆಯ ಹರಿಗೋಲುಗಳಲ್ಲಿ ಕಾಣುವ, ನಮ್ಮಪ್ಪ ಕೊಟ್ಟ ಅಂಚು ಅಷ್ಟು ದಪ್ಪವಿಲ್ಲ. ಇದು ತುಸು ದಪ್ಪ, ತುಸು ಒರಟು. ನನ್ನ ಊದಿದ ಬೆರಳುಗಳಿಗೆ ತಕ್ಕದ್ದು. ಮಕ್ಕಳು ಚಪ್ಪಾಳೆ ತಟ್ಟುವ ಮೊದಲೇ ನನಗೆ ದಿಗಿಲಾಯಿತು. "ಪದ್ದೀ, ನಿಂದು ಐತಾ ನೋಡೇ!" ಎಂದು ಕೂಗಿದೆ.

ಅವಳು ಕಲ್ಲಿನಿಂದ ಹಾರಿ ಬಂದು ಸೀಳುಗಳನ್ನು ಕಸಿದುಕೊಂಡು ಅಂಚು ಕಟ್ಟತೊಡಗಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ. "ಐತೆ ಕಣವ್ವ! ಐತೆ!" ಅಂದಳು.

ಅಂದು ಸಂಜೆ ಹಿತ್ತಲಿನ ಗೋಣಿತಟ್ಟು ಬಿಚ್ಚಿ ಜಗಲಿಯ ಮೇಲೆ ಹಾಸಿ, ಅದರ ಮೇಲೆ ಕೂತೆವು. ನಡುವೆ ಒಂದೇ ತಳ. ಅವಳು ಆ ಕಡೆಯಿಂದ ತನ್ನ ಅಂಚು ಕಟ್ಟುತ್ತಾ ಬಂದಳು, ನಾನು ಈ ಕಡೆಯಿಂದ ನನ್ನದು ಕಟ್ಟುತ್ತಾ ಹೋದೆ, ಎರಡೂ ಕೂಡುವ ಕಡೆ ಇಬ್ಬರ ಕೈಯೂ ಒಂದೇ ಸೀಳಿನ ಮೇಲೆ ಬಂತು.